ದೊಡ್ಡಪ್ಪನ ಬಿಲ್ಲೆ ಹಲಗೆ

ನಮ್ಮ ದೊಡ್ಡಪ್ಪ ಸಾವಿನ ಮನೆಗೆ ಹೋದರೆ ಬರಿಗೈಯಲ್ಲಿ ವಾಪಸು ಬರುವವನಲ್ಲ. ಹಾಗಂತ ಅವನನ್ನು ಕಳ್ಳ ಅಂದುಕೊಂಡೀರಿ, ಜೋಕೆ! ಕಳ್ಳನಾಗಿದ್ದರೆ ಜನ ಬಾಗಿಲು ಹಾಕಿಕೊಳ್ಳಬಹುದಿತ್ತು, ಪೊಲೀಸರಿಗಾದರೂ ಹೇಳಬಹುದಿತ್ತು. ಇವನು ಬರುವುದು ಹೂವಿನ ಹಾರ ಹಿಡಿದುಕೊಂಡು. ಅಳುವುದು ಮನೆಯವರಿಗಿಂತ ಜೋರಾಗಿ. ಹಾರ ಹಾಕಿ, ಸತ್ತವನ ಹೆಂಡತಿಯ ಎದುರು ಕುಕ್ಕರುಗಾಲಲ್ಲಿ ಕೂತು, ತನ್ನ ಕೆಮ್ಮು ನಿಲ್ಲುವವರೆಗೆ ಕಾದು, ಆಮೇಲೆ ಮೆಲ್ಲಗೆ ಕೇಳುತ್ತಾನೆ: "ಅವ್ವಾ, ಆ ಪುಸ್ತಕ ಎಲ್ಲಿ ಮಡಗಿವ್ನಿ ಅಂತ ಏನಾರ ಏಳಿದ್ನಾ?"

ಇಂಥವನನ್ನು ಕಟ್ಟಿಕೊಂಡು ಏನು ಮಾಡಬೇಕು, ನೀವೇ ಹೇಳಿ.

ಪುಸ್ತಕ ಅವನದ್ದಲ್ಲ. ಲೈಬ್ರರಿಯದ್ದು. ಲೈಬ್ರರಿಯೂ ಅವನದ್ದಲ್ಲ, ಆದರೆ ಅದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಇಲ್ಲ. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ದಾಟಿ ಗಣಿಯ ಕಡೆ ಹೋದರೆ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ಗುಡ್ಡಗಳ ಈಚೆಗೆ ಉದ್ದನೆಯ ಹೆಂಚಿನ ಕಟ್ಟಡವೊಂದಿದೆ. ಗಣಿಯ ಬಿಳಿ ದೊರೆಗಳು ತಮಗೆಂದು ಕಟ್ಟಿಸಿಕೊಂಡದ್ದು. ಚಳಿ ಕಾಯಿಸಲು ಗೋಡೆಯೊಳಗೆ ಬೆಂಕಿಗೂಡು ಬೇರೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ನೋಡಿದರೇ ಬೆವರು ಕಿತ್ತುಕೊಳ್ಳುತ್ತದೆ. ದೊರೆಗಳು ಅಲ್ಲಿ ಓದುತ್ತಿದ್ದ ಕಾಲದಲ್ಲಿ ನಮ್ಮವರಿಗೆ ಒಳಗೆ ಇದ್ದ ಕೆಲಸ ಪುಸ್ತಕದ ಧೂಳು ಹೊಡೆಯುವುದು ಮಾತ್ರ. ಅವರೆಲ್ಲ ಗಂಟುಮೂಟೆ ಕಟ್ಟಿದ ಮೇಲೆ ಗಣಿ ಕೂಲಿಗಳಿಗೂ ಬಾಗಿಲು ತೆರೆಯಿತು.

ಹೊರಗೆ ಬೇವಿನ ಮರದಡಿ ಒಂದು ಕಲ್ಲು ಬೆಂಚು. ಪಾಳಿ ಮುಗಿಸಿ ಮೇಲೆ ಬಂದವರು ಕೈಕಾಲು ತೊಳೆದುಕೊಂಡು ಅಲ್ಲಿ ಕೂರುತ್ತಿದ್ದರು. ಓದು ಬಂದವನೊಬ್ಬ ಪೇಪರನ್ನು ತಮಿಳಿನಲ್ಲಿ ಜೋರಾಗಿ ಓದುವುದು, ಪಕ್ಕದವನು ಅದನ್ನು ತೆಲುಗಿಗೆ ತಿರುಗಿಸುವುದು, ಅವನಿಂದ ಇನ್ನೊಬ್ಬ ಕನ್ನಡಕ್ಕೆ. ತಮಿಳಿನಲ್ಲಿ ಮಂತ್ರಿಗೆ ಜ್ವರ ಬಂದಿದ್ದರೆ ತೆಲುಗಿಗೆ ಬರುವಷ್ಟರಲ್ಲಿ ಮಂತ್ರಿ ತೀರಿಕೊಂಡಿರುತ್ತಿದ್ದ, ಕನ್ನಡದ ಕಡೆ ಕೂತವರು ತಿಥಿ ಯಾವತ್ತು ಎಂದು ಕೇಳುತ್ತಿದ್ದರಂತೆ! ನಗಬೇಡಿ. ಅದೇ ಬೆಂಚಿನ ಮೇಲೆ ಪೇಪರಿನ ದಪ್ಪಕ್ಷರ ನೋಡಿ ನೋಡಿ ಹೆಬ್ಬೆಟ್ಟಿನವರು ಸಹಿ ಹಾಕಲು ಕಲಿತರು. ಸಂಬಳದ ಚೀಟಿ ಓದಲು ಕಲಿತರು. ನಮ್ಮಪ್ಪ ಕನ್ನಡ ಓದಲು ಕಲಿತದ್ದೂ ಅಲ್ಲೇ ಅಂತೆ.

ಅಂತೆ ಎನ್ನುತ್ತೇನೆ, ಯಾಕೆಂದರೆ ಅಪ್ಪನ ಮುಖ ನನಗೆ ನೆನಪಿಲ್ಲ. ನಾನು ತೊಟ್ಟಿಲಲ್ಲಿದ್ದಾಗ ಗಣಿಯೊಳಗೆ ಬಂಡೆ ಸಿಡಿದು ಅಪ್ಪ ಅಲ್ಲೇ ಉಳಿದುಹೋದ. ಹೆಣವನ್ನೂ ಮೇಲಕ್ಕೆ ತರಲಾಗಲಿಲ್ಲ. ಅಮ್ಮ ಬಂಗಾರಪೇಟೆಗೆ ಬಂದು ಹಸು ಕಟ್ಟಿ, ಹಾಲು ಹಾಕಿ ನನ್ನನ್ನು ಓದಿಸಿದಳು. ಹಸುವಿನ ವಿಷಯದಲ್ಲಿ ಅಮ್ಮನದೊಂದು ವಿಚಿತ್ರ. ಕೊಟ್ಟಿಗೆಯ ಇಳಿಜಾರು, ಗಂಜಲದ ಮೋರಿ, ಮೇವಿನ ಲೆಕ್ಕ ಯಾವುದರಲ್ಲೂ ಒಂದು ಕೂದಲಷ್ಟು ತಪ್ಪು ಹುಡುಕಲಾಗದು. ಅದೇ ಹಸುವಿಗೆ ಸ್ವಲ್ಪ ಹೊಟ್ಟೆ ಉಬ್ಬರಿಸಿದರೆ ಸಾಕು, ಏನೂ ತೋಚದೆ ಅಳುತ್ತಾ ಕೂತುಬಿಡುತ್ತಾಳೆ. ನಾನು ಈಗ ಬಂಗಾರಪೇಟೆಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದೇನೆ. ಗಣಿಯಲ್ಲಿ ದುಡಿದು ಎದೆ ತುಂಬ ಧೂಳು ತುಂಬಿಕೊಂಡು ಬಂದ ದೊಡ್ಡಪ್ಪನಂಥವರು ಇರುವವರೆಗೆ ಅಂಗಡಿಗೆ ಮೋಸವಿಲ್ಲ.

ದೊಡ್ಡಪ್ಪ ಎಂದರೆ ಅಪ್ಪನ ಸ್ವಂತ ಅಣ್ಣ. ಮೊದಮೊದಲು ಕಲ್ಲು ಕೊರೆಯುತ್ತಿದ್ದ, ಎದೆ ಕೆಟ್ಟ ಮೇಲೆ ಗಣಿ ಬಾಯಿಯ ಹತ್ತಿರ ಬಿಲ್ಲೆ ಕೋಣೆಗೆ ಹಾಕಿದರು. ಕೆಳಗಿಳಿಯುವ ಪ್ರತಿ ಆಳಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆಯೊಂದು ಇರುತ್ತಿತ್ತು. ಇಳಿಯುವಾಗ ಅದನ್ನು ಹಲಗೆಯ ಮೊಳೆಗೆ ತಗುಲಿಹಾಕಬೇಕು, ಮೇಲೆ ಬಂದಾಗ ತೆಗೆದುಕೊಳ್ಳಬೇಕು. ಹಲಗೆಯ ಮೇಲೆ ಬಿಲ್ಲೆ ಇದೆ ಎಂದರೆ ಆಳು ಇನ್ನೂ ಕೆಳಗಿದ್ದಾನೆ ಎಂದರ್ಥ. ಮೇಲೆ ಬಂದವನನ್ನು ದೊಡ್ಡಪ್ಪ "ಬಂದ್ಯಾ?" ಎಂದು ಕೇಳುತ್ತಿದ್ದ. ಅವನು "ಬಂದೆ" ಎಂದ ಮೇಲೆಯೇ ಬಿಲ್ಲೆ ಅವನ ಕೈಗೆ. ಎದುರಿಗೇ ನಿಂತಿದ್ದಾನಲ್ಲ, ಮತ್ತೆ ಕೇಳುವುದೇಕೆ ಎಂದರೆ, "ನಿಂತವ್ರೆಲ್ಲಾ ಬಂದವ್ರಲ್ಲ ಕಣ್ಲಾ, ಬಾಯ್ಬಿಟ್ಟು ಏಳ್ಬೇಕು" ಎನ್ನುತ್ತಿದ್ದ. ಪಾಳಿ ಮುಗಿದ ಮೇಲೆ ಇವನು ಹೋಗಿ ಕೂರುತ್ತಿದ್ದದ್ದು ಲೈಬ್ರರಿಯಲ್ಲಿ, ಪುಸ್ತಕ ಕೊಟ್ಟು ತೆಗೆದುಕೊಳ್ಳುವುದನ್ನು ಆಗಿನಿಂದಲೇ ಇವನೇ ನೋಡಿಕೊಳ್ಳುತ್ತಿದ್ದ. ಗಣಿ ಮುಚ್ಚಿದ ಮೇಲೆ ಪೂರ್ತಿ ಅಲ್ಲೇ ಕೂತುಬಿಟ್ಟ. ಸಂಬಳ ಕೊಡುವವರೂ ಇರಲಿಲ್ಲ, ಎದ್ದು ಹೋಗು ಎನ್ನುವವರೂ ಇರಲಿಲ್ಲ.

ಲೈಬ್ರರಿ ನಡೆಸುವುದು ಅವನಿಗೆಲ್ಲಿ ಗೊತ್ತು? ಗೊತ್ತಿದ್ದದ್ದು ಬಿಲ್ಲೆ ಕೋಣೆ ನಡೆಸುವುದು. ಹಾಗಾಗಿ ಗಣಿ ನಡೆಯುತ್ತಿದ್ದಾಗಲೇ ಇಲ್ಲೂ ಅದನ್ನೇ ನಡೆಸಿದ! ಬೇಡವಾದ ಹಳೇ ಬಿಲ್ಲೆಗಳನ್ನು ತಂದು ಓದುಗರಿಗೆ ತಲೆಗೊಂದು ಹಂಚಿದ. ಗೋಡೆಗೆ ಹಲಗೆ ಬಡಿದ. ಪುಸ್ತಕ ಬೇಕೆಂದರೆ ನಿಮ್ಮ ಬಿಲ್ಲೆ ಹಲಗೆಗೆ ಹಾಕಿ ಒಯ್ಯಿರಿ, ಪುಸ್ತಕ ತಂದುಕೊಟ್ಟು ಬಿಲ್ಲೆ ಬಿಡಿಸಿಕೊಳ್ಳಿ. ಯಾರ ಹತ್ತಿರ ಯಾವ ಪುಸ್ತಕ ಎನ್ನುವುದೆಲ್ಲ ಅವನ ತಲೆಯೊಳಗೆ. "ಆ ಕಾದಂಬರಿ ಇದೆಯಾ?" ಎಂದು ಕೇಳಿದರೆ "ಕೆಳ್ಗೈತೆ" ಎನ್ನುತ್ತಾನೆ. ಹೊಸಬರು ಬಗ್ಗಿ ಮೇಜಿನ ಕೆಳಗೆ ನೋಡುತ್ತಾರೆ. ಪುಸ್ತಕ ವಾಪಸು ಕೊಡಲು ಬಂದವರು ಯಾರೇ ಆಗಲಿ, "ಬಂದ್ಯಾ?" ಎಂಬ ಪ್ರಶ್ನೆಗೆ "ಬಂದೆ" ಎನ್ನಲೇಬೇಕು. ಕಾಲೇಜಿನ ಮೇಷ್ಟ್ರೂ ಎನ್ನಬೇಕು, ಕೌನ್ಸಿಲರ್ ಹೆಂಡತಿಯೂ ಎನ್ನಬೇಕು.

ಸತ್ತವರ ಪುಸ್ತಕ ಬಂದಾಗ? ಆಗಲೂ ಬಿಡುತ್ತಿರಲಿಲ್ಲ ಮಾರಾಯ. ಮನೆಯವರಲ್ಲಿ ಒಬ್ಬರು ನಿಂತು ಹೇಳಬೇಕು. ಆಂಡರ್ಸನ್‌ಪೇಟೆಯ ಒಂದು ಮನೆಯಲ್ಲಿ ಸತ್ತವನ ಭಾಮೈದನಿಗೆ ಸಿಟ್ಟು ಬಂತು.

"ಏನ್ ತಾತಾ, ಸತ್ತೋದೋನು ಎಂಗೆ ಬತ್ತಾನೆ?"

"ಪುಸ್ತಕ ಬಂತಲ್ಲಪ್ಪಾ" ಎಂದ ದೊಡ್ಡಪ್ಪ. "ಒಂದ್ ಮಾತು ಅಂದ್ಬುಡು, ನಾನು ಓಯ್ತೀನಿ."

ಹೆಣ ಎತ್ತಲು ತಡವಾಗುತ್ತಿತ್ತು. ಭಾಮೈದ ಹಲ್ಲು ಕಚ್ಚಿಕೊಂಡು "ಬಂದೆ" ಎಂದ. ಬಿಲ್ಲೆ ಕೈಗೆ ಬಿದ್ದ ಮೇಲೆ ಅದೇನಾಯಿತೋ, ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದವನು ಗೋಡೆಗೆ ಒರಗಿ ಅತ್ತುಬಿಟ್ಟನಂತೆ.

ಹಾಳೆಯ ಮೂಲೆ ಮಡಚುವವರನ್ನು ಕಂಡರಂತೂ ದೊಡ್ಡಪ್ಪನಿಗೆ ಮೈ ಉರಿಯುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಗುರುತಿಗೆ ಬೇವಿನ ಎಲೆ ಇಡಿ, ಬೀಡಿ ಕಟ್ಟಿನ ಕಾಗದ ಇಡಿ, ಮಡಚಬೇಡಿ. ನಿವೃತ್ತ ದಫೇದಾರರೊಬ್ಬರು ಪತ್ತೇದಾರಿ ಕಾದಂಬರಿಯೊಂದನ್ನು ಅಧ್ಯಾಯಕ್ಕೊಂದರಂತೆ ಮಡಚಿ ತಂದರು. ದೊಡ್ಡಪ್ಪ ಕಂಚಿನ ಲೋಟದ ತುಂಬ ಕುದಿಯುವ ನೀರು ತಂದು ಅವರ ಮುಂದೆ ಇಟ್ಟ. ಇಸ್ತ್ರಿ ಹಾಕುವ ಹಾಗೆ ಲೋಟದ ತಳದಿಂದ ಒಂದೊಂದೇ ಮಡಿಕೆ ಒತ್ತಿ ಸರಿಮಾಡಿ ಎಂದ. ದಫೇದಾರರು ಮೀಸೆ ತಿರುವಿದರು. ದೊಡ್ಡಪ್ಪ ಅವರ ಬಿಲ್ಲೆಯನ್ನು ತನ್ನ ಜೇಬಿಗೆ ಹಾಕಿಕೊಂಡ. ನಾನು ಹೋಗುವ ಹೊತ್ತಿಗೆ, ಇಡೀ ಊರನ್ನು ಲಾಠಿಯಲ್ಲಿ ಆಡಿಸಿದ ಮನುಷ್ಯ ಬೆವರು ಒರೆಸಿಕೊಳ್ಳುತ್ತಾ ಕಾಗದಕ್ಕೆ ಇಸ್ತ್ರಿ ಹಾಕುತ್ತಿದ್ದರು. ನನ್ನನ್ನು ಕಂಡು "ಇನ್ನೊಂದು ಲೋಟ ಬಿಸಿನೀರು ತಾಪ್ಪಾ" ಎಂದರು.

ಗಣಿ ಮುಚ್ಚಿದ ಮೇಲೆ ಊರಿನ ಅರ್ಧ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಲು ಶುರುಮಾಡಿದರು. ಪುಸ್ತಕಗಳೂ ಅವರ ಜೊತೆ ಹೋಗತೊಡಗಿದವು. ದೊಡ್ಡಪ್ಪ ಬಿಟ್ಟಾನೆಯೇ? ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ನಿಂತು ಬಾಗಿಲು ಬಾಗಿಲಿಗೂ ಇಣುಕುತ್ತಿದ್ದ. ಒಂದು ದಿನ ಬೇಕಾದವನು ಕಂಡ, ಇವನು ಹತ್ತಿದ, ರೈಲು ಹೊರಟಿತು. ಆ ಜನದೊಳಗೆ ನುಸುಳಿ ಅವನನ್ನು ಮುಟ್ಟುವಷ್ಟರಲ್ಲಿ ಬೆಂಗಳೂರು ಬಂದಿತ್ತು, ಟಿಕೆಟ್ ಕೇಳುವವರೂ ಬಂದಿದ್ದರು. ಸಂಜೆ ಫೋನು ಬಂತು, ನಾನು ಹೋಗಿ ದಂಡ ಕಟ್ಟಿ ಬಿಡಿಸಿಕೊಂಡು ಬಂದೆ. ಪುಸ್ತಕ ಕಂಕುಳಲ್ಲಿತ್ತು. ಅಷ್ಟು ಹೊತ್ತು ಕೂರಿಸಿಕೊಂಡಿದ್ದವರಿಗೆ ಅದರಿಂದ ಎರಡು ಕತೆ ಓದಿ ಹೇಳಿದ್ದನಂತೆ. ಅವರಲ್ಲೊಬ್ಬ ಬಿಲ್ಲೆ ಬೇಕೆಂದು ವಿಳಾಸ ಕೇಳಿಕೊಂಡನಂತೆ!

ಈ ಲೈಬ್ರರಿಯಲ್ಲಿ ಅತಿ ಹೆಚ್ಚು ಜನ ಓದಿದ ಪುಸ್ತಕ ಯಾವುದು ಗೊತ್ತೆ? ಪ್ರೇಮ ಕಾದಂಬರಿಯಲ್ಲ, ಪುರಾಣವೂ ಅಲ್ಲ. ಶ್ವಾಸಕೋಶದ ರೋಗಗಳ ಬಗ್ಗೆ ಒಂದು ದಪ್ಪ ಪುಸ್ತಕ. ಕಪಾಟಿನಲ್ಲಿ ಅದು ನಿಂತದ್ದನ್ನು ಕಂಡವರಿಲ್ಲ, ಯಾವಾಗಲೂ ಸರದಿ. ಓದು ಬಾರದವರು ಮಕ್ಕಳಿಂದ ಓದಿಸಿಕೊಳ್ಳುತ್ತಿದ್ದರು. ಬೇರೆ ಊರುಗಳಲ್ಲಿ ವೈದ್ಯದ ಪುಸ್ತಕ ಓದಿದವರಿಗೆ ಅದರೊಳಗಿನ ಕಾಯಿಲೆಯೆಲ್ಲ ತಮಗೇ ಇದ್ದಂತೆ ಅನಿಸುತ್ತದಂತೆ. ನಮ್ಮಲ್ಲೂ ಹಾಗೇ ಅನಿಸಿತು. ನಿಜಕ್ಕೂ ಇತ್ತು, ಅಷ್ಟೇ ವ್ಯತ್ಯಾಸ. ಆದರೂ ಆ ಪುಸ್ತಕ ಓದಿದ ಮೇಲೆ ಜನ ಇದು ಶಾಪವಲ್ಲ, ಮಾಟವಲ್ಲ, ಕಲ್ಲಿನ ಧೂಳು ಎಂದು ತಿಳಿದುಕೊಂಡರು. ಯಾಕೆ ಸಾಯುತ್ತಿದ್ದೇವೆ ಎಂದು ತಿಳಿದುಕೊಂಡು ಸಾಯುವುದೂ ಒಂದು ಮರ್ಯಾದೆಯೇ ಅಲ್ಲವೆ? ಅದು ವಾಪಸು ಬರುತ್ತಿದ್ದದ್ದು ಬಹಳ ಸಲ ಸಾವಿನ ಮನೆಯಿಂದಲೇ. ದೊಡ್ಡಪ್ಪ ಮಾತ್ರ ಅದನ್ನು ಓದಿಲ್ಲ. "ಕೊನೆ ಗೊತ್ತಿರೋ ಕತೆ ಯಾವನ್ ಓದ್ತಾನ್ಲಾ" ಎನ್ನುತ್ತಾನೆ.

ಹೋದ ವರ್ಷ ಕಟ್ಟಡದ ಹಿಂದಿನ ಗೋಡೆ ಬಾಯಿ ಬಿಟ್ಟಿತು. ಕೆಳಗೆಲ್ಲ ಟೊಳ್ಳು ಮಾಡಿಟ್ಟ ನೆಲ, ಎಷ್ಟು ದಿನ ತಡೆದೀತು? ಪುಸ್ತಕಗಳನ್ನು ರಾಬರ್ಟ್‌ಸನ್‌ಪೇಟೆಯ ಒಂದು ಕೋಣೆಗೆ ಸಾಗಿಸಿ ಇಲ್ಲಿಗೆ ಬೀಗ ಹಾಕುವುದೆಂದು ಮೇಲಿನವರು ತೀರ್ಮಾನಿಸಿದರು. ದೊಡ್ಡಪ್ಪ ಜಗಳ ಮಾಡುತ್ತಾನೆಂದು ಎಲ್ಲರೂ ಸೊಂಟ ಕಟ್ಟಿಕೊಂಡು ಹೋದೆವು. ಮಾಡಲಿಲ್ಲ. ಒಂದೇ ಮಾತು ಹೇಳಿದ.

"ಆಕಿ ಬೀಗ. ಅಲಗೆ ಕಾಲಿ ಆದ್ಮೇಲೆ ಆಕಿ. ಆಳು ಕೆಳ್ಗಿದ್ದಾಗ ಗಣಿ ಬಾಯಿ ಮುಚ್ಚಬಾರ್ದು."

ಅವನಿಗೆ ಆಗಲೇ ನಾಲ್ಕು ಹೆಜ್ಜೆ ಹಾಕಿದರೆ ಉಬ್ಬಸ. ರಾತ್ರಿ ಮಲಗಿದರೆ ಉಸಿರು ಹಿಡಿಯುತ್ತದೆಂದು ಕೂತೇ ನಿದ್ದೆ ಮಾಡುತ್ತಿದ್ದ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಔಷಧಿ ಬದಲಾಯಿಸಿ ಪ್ರಯೋಜನವಿಲ್ಲ, ಅವರು ಕೇಳಿದ್ದನ್ನು ಮಾಡಿಕೊಡಿ ಎಂದರು. ಅವನು ಕೇಳಿದ್ದೇನು? ನನ್ನ ಟಿವಿಎಸ್! ಭಾನುವಾರ ಭಾನುವಾರ ಅವನನ್ನು ಹಿಂದೆ ಕೂರಿಸಿಕೊಂಡು, ಗಣಿ ಕಾಲನಿಯ ಗಲ್ಲಿ ಗಲ್ಲಿ ಸುತ್ತಿದೆ. "ನಾಳೈಕ್ಕಿ ತರೇನ್ ಅಣ್ಣೇ" ಎಂದು ವರ್ಷಗಟ್ಟಲೆ ನಾಳೆ ನಾಳೆ ಎನ್ನುತ್ತಿದ್ದವರೂ ಅವನ ಉಸಿರಾಟ ಕೇಳಿ ಒಳಗೆ ಹೋಗಿ ಹುಡುಕತೊಡಗಿದರು.

ಒಂದು ಮನೆಯಲ್ಲಿ ಕಾಯಿಲೆ ಬಿದ್ದವನ ಮಂಚದ ಕಾಲಿನಡಿಯೇ ಪುಸ್ತಕ ಇತ್ತು. ನೆಲ ಓರೆ, ಪುಸ್ತಕ ತೆಗೆದರೆ ಮಂಚ ಕುಂಟುತ್ತದೆ. ಮಲಗಿದ್ದವನು ಕಣ್ಣಲ್ಲೇ ಬೇಡ ಎಂದ. ದೊಡ್ಡಪ್ಪ ತನ್ನ ಚೀಲಕ್ಕೆ ಕೈಹಾಕಿ ಚಪ್ಪಟೆ ಕಲ್ಲೊಂದನ್ನು ತೆಗೆದ. ಚೀಲದಲ್ಲಿ ಅಂಥವು ಇನ್ನೂ ಇದ್ದವು. ಅದನ್ನೆಲ್ಲ ಹೊತ್ತದ್ದು ನನ್ನ ಗಾಡಿ! ಕಲ್ಲನ್ನು ಒತ್ತುಕೊಟ್ಟು, ಪುಸ್ತಕ ಎಳೆದುಕೊಂಡು, ಮಂಚ ಅಲುಗಾಡಿಸಿ ನೋಡಿ, "ಈಗ ಬದ್ರವಾಗೈತೆ, ಮಲಿಕ್ಕೊ" ಎಂದ.

ಹೀಗೆ ಹಲಗೆ ಖಾಲಿಯಾಗುತ್ತಾ ಬಂದು, ಬೀಗ ಹಾಕುವ ವಾರದಲ್ಲಿ ಒಂದೇ ಒಂದು ಬಿಲ್ಲೆ ಉಳಿಯಿತು. ಮೇಲಿನ ಸಾಲಿನ ತುದಿಯ ಮೊಳೆ. ಬಿಲ್ಲೆಯ ಕಿವಿಗೆ ತಾಮ್ರದ ತಂತಿ ಸುತ್ತಿತ್ತು.

"ಇದು ಯಾರದ್ದು ದೊಡ್ಡಪ್ಪ? ನಡಿ, ಇವತ್ತೇ ಮುಗಿಸಿಬಿಡೋಣ."

ಅವನು ಕಿಟಕಿಯ ಕಡೆ ತಿರುಗಿದ. "ಅದಿರ್ಲಿ ಬುಡು."

ಇರಲಿ ಬಿಡು! ಹೆಣದ ಮುಂದೆ ಕೂತು ಪುಸ್ತಕ ಕೇಳಿದವನ ಬಾಯಲ್ಲಿ ಈ ಮಾತು! ನನಗೆ ರೇಗಿತು. ಊರೆಲ್ಲ ಸುತ್ತಿಸಿದೆಯಲ್ಲ, ಇದೊಂದಕ್ಕೆ ಏನು ಬಂತು ಎಂದೆ. ಅವನು ಕೆಮ್ಮಿದ. ಬೇಡದ ಪ್ರಶ್ನೆಗೆಲ್ಲ ಅವನ ಉತ್ತರ ಅದೇ.

ಮನೆಗೆ ಬಂದು ಅಮ್ಮನ ಮುಂದೆ ಕೂಗಾಡಿದೆ. ಹಠ ಮಾಡುತ್ತಾನೆ, ಒಂದೇ ಬಿಲ್ಲೆ ಉಳಿದಿದೆ, ಅದರ ಮನೆ ಮಾತ್ರ ಹೇಳುತ್ತಿಲ್ಲ ಎಂದೆ. ಅವರೆಕಾಯಿ ಬಿಡಿಸುತ್ತಿದ್ದ ಅಮ್ಮನ ಕೈ ನಿಂತಿತು.

"ತಾಮ್ರದ ತಂತಿ ಸುತ್ತೈತಾ?"

"ನಿಂಗೆಂಗೆ ಗೊತ್ತು?"

ಅಮ್ಮ ಎದ್ದು ಒಳಗೆ ಹೋಗಿ, ಹಿಂಡಿ ಡಬ್ಬದ ಹಿಂದಿನಿಂದ ಹಳೇ ಟವೆಲ್ಲಿನ ಗಂಟೊಂದನ್ನು ತಂದಳು. ಒಳಗೆ ಪುಸ್ತಕ. ಹಸು ಸಾಕಾಣಿಕೆಯ ಬಗ್ಗೆ. ಲೈಬ್ರರಿಯ ಮುದ್ರೆ ಇತ್ತು. ಸರಿಯಾಗಿ ನಡುವೆ ಒಂದು ಹಾಳೆಯ ಮೂಲೆ ಮಡಚಿತ್ತು.

"ನಿಮ್ಮಪ್ಪಂದು" ಎಂದಳು. "ಗಣಿ ಬುಟ್ಟು ಬೂದಿಕೋಟೆ ಕಡೆ ಓಗಿ ಅಸ ಕಟ್ಟಾನ ಅಂತಿದ್ದ. ಪಾಳಿ ಮುಗ್ಸಿ ಬಂದು ದಿನಾ ಒಸಿ ಓದಿ ಏಳೋನು. ಆ ಮಡಚಿರೋ ಗಂಟ ಓದಿದ್ದ. ಅಷ್ಟು ನಾನು ಮಾಡ್ದೆ."

ಪುಸ್ತಕ ಬಿಡಿಸಿದೆ. ಮಡಿಕೆಯ ಹಿಂದೆ ಕೊಟ್ಟಿಗೆಯ ಇಳಿಜಾರು, ಗಂಜಲದ ಮೋರಿ, ಮೇವಿನ ಲೆಕ್ಕ. ಮಡಿಕೆಯ ಮುಂದೆ, ಹಸುವಿನ ಕಾಯಿಲೆಗಳು.

"ನನ್ನ ಕೈಲಿ ಓದಿಸಬೋದಿತ್ತಲ್ಲಮ್ಮಾ."

"ಓದ್ಸಿದ್ರೆ ಮುಗ್ದೋಯ್ತಿತ್ತು" ಎಂದಳು ಅಮ್ಮ. ಬರಿದಾದ ಟವೆಲ್ಲನ್ನು ಮಡಚುತ್ತಾ ಮತ್ತೆ ಹೇಳಿದಳು. "ಗಣಿ ಅಲಗೇಲಿ ನಿಮ್ಮಪ್ಪನ ಬಿಲ್ಲೆ ಒಂದೇ ಉಳ್ಕೊಂಡಿತ್ತು. ಉಡುಕಿ ಉಡುಕಿ ಸಾಕಾಗಿ, ಇನ್ ತೆಗ್ದುಬುಡು ಅಂದ್ರಂತೆ. ನಿಮ್ ದೊಡ್ಡಪ್ಪನ ಕೈಲೇ ತೆಗ್ಸಿದ್ರು. ಲೈಬ್ರರೀಲಿದ್ದ ಬಿಲ್ಲೇನ ಅವನು ತೆಗೀಲಿಲ್ಲ, ನನ್ನತ್ರ ಪುಸ್ತಕಾನೂ ಕೇಳ್ಲಿಲ್ಲ. ಅಬ್ಬಕ್ಕೆ ಬತ್ತಾನೆ, ಉಣ್ತಾನೆ, ಓಯ್ತಾನೆ. ಒಂದಿನಾನೂ ಕೇಳ್ಲಿಲ್ಲ."

ಮಾರನೆಯ ಮಧ್ಯಾಹ್ನ ಅಮ್ಮನನ್ನು ಕರೆದುಕೊಂಡು ಹೋದೆ. ಕಪಾಟುಗಳೆಲ್ಲ ಖಾಲಿಯಾಗಿ, ಒಂದು ಮೇಜು, ಒಂದು ಹಲಗೆ, ದೊಡ್ಡಪ್ಪ ಇಷ್ಟೇ ಉಳಿದಿದ್ದವು. ಅಮ್ಮ ಸೆರಗು ಹೊದ್ದು ಬಾಗಿಲಲ್ಲೇ ನಿಂತಳು.

"ಬಾವ, ಪುಸ್ತಕ."

"ನಾನ್ ಕೇಳ್ಲಿಲ್ವಲ್ಲವ್ವಾ."

"ಬೀಗ ಆಕ್ಬೇಕಲ್ಲ ಬಾವ ನೀನು."

ಅವನು ಪುಸ್ತಕ ತೆಗೆದುಕೊಂಡು ಬಿಡಿಸಿದ. ಮಡಿಕೆ ಕಂಡಿತು. ಬಂತು ಬಿಸಿನೀರಿನ ಲೋಟ ಎಂದುಕೊಂಡೆ. ದೊಡ್ಡಪ್ಪ ಆ ಮೂಲೆಯನ್ನು ಹೆಬ್ಬೆರಳಿನಿಂದ ಮುಟ್ಟಿದ, ಬಿಡಿಸಲಿಲ್ಲ.

"ಇನ್ನೂ ಅರ್ಧ ಐತೆ ಅವನ್ದು" ಎಂದ. ಪುಸ್ತಕವನ್ನು ನನ್ನ ಕಡೆ ತಳ್ಳಿದ. "ಓದ್ಲಾ. ಇಲ್ಲಿಂದ ಓದು."

ಓದಿದೆ. ತಂದೆಗೆ ಗರುಡ ಪುರಾಣ ಓದಿಸುವ ಮಕ್ಕಳನ್ನು ಕಂಡಿದ್ದೇನೆ. ನಾನು ನಮ್ಮಪ್ಪನಿಗೆ ಕಾಲುಬಾಯಿ ರೋಗ ಓದಿದೆ! ಕೆಚ್ಚಲು ಬಾವು ಓದಿದೆ, ಜಂತುಹುಳು ಓದಿದೆ, ಕರು ಅಡ್ಡ ಸಿಕ್ಕಿಕೊಂಡರೆ ಏನು ಮಾಡಬೇಕು ಎಂದು ಓದಿದೆ. ದೊಡ್ಡಪ್ಪನ ಎದೆ ತಿದಿಯಂತೆ ಎದ್ದು ಬೀಳುತ್ತಿತ್ತು, ಆದರೂ ಕೆಮ್ಮು ಬಂದಾಗ ನಾನು ನಿಲ್ಲಿಸದಂತೆ ಕೈ ಆಡಿಸುತ್ತಿದ್ದ. ಹೊಟ್ಟೆ ಉಬ್ಬರದ ಪುಟ ಬಂದಾಗ ಅಮ್ಮ ಮೆಲ್ಲಗೆ "ನಮ್ಮ ಗೌರಿ ಅಸ ಸತ್ತಿದ್ದು ಇದ್ರಲ್ಲೇ. ಒಂದ್ ಲೋಟ ಎಣ್ಣೆ ಕುಡ್ಸಿದ್ರೆ ಸಾಕಿತ್ತಾ?" ಎಂದಳು. ಸಾಕಾಗುತ್ತಿತ್ತೋ ಏನೋ, ಪುಸ್ತಕದಲ್ಲಿ ಹಾಗೇ ಬರೆದಿತ್ತು. ಹಾಳೆ ತಿರುಗಿಸಿದೆ. ಮುಂದಕ್ಕೆ ಓದಿದೆ. ಕೊನೆಯ ಪುಟ ಮುಗಿದಾಗ ಬೇವಿನ ಮರದ ನೆರಳು ಒಳಗೆ ಮೇಜಿನವರೆಗೆ ಬಂದಿತ್ತು.

ದೊಡ್ಡಪ್ಪ ಫ್ಲಾಸ್ಕಿನಿಂದ ಕಂಚಿನ ಲೋಟಕ್ಕೆ ಬಿಸಿನೀರು ಬಗ್ಗಿಸಿ, ಆ ಒಂದು ಮಡಿಕೆಯನ್ನು ತಾನೇ ಒತ್ತಿ ಒತ್ತಿ ಸರಿಮಾಡಿದ. ಆಮೇಲೆ ಗೋಡೆ ಹಿಡಿದುಕೊಂಡು ಎದ್ದ. ನಾನು ಹಿಡಿಯಲು ಹೋದರೆ ಕೈ ತಳ್ಳಿದ. ಹಲಗೆಯ ಹತ್ತಿರ ಹೋಗಿ ಬಿಲ್ಲೆ ಬಿಡಿಸಿ, ಪಂಚೆಗೆ ಒರೆಸಿ, ನನ್ನ ಎದುರಿಗೆ ಬಂದು ನಿಂತ. ಅಷ್ಟು ದೂರಕ್ಕೇ ಉಸಿರು ಸಾಲದೆ ಬಾಯಿ ತೆರೆದು ನಿಂತಿದ್ದ. ಕೇಳುವುದನ್ನು ಕೇಳಲೂ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅವನು ನೋಡುತ್ತಿದ್ದದ್ದು ನನ್ನನ್ನಲ್ಲ ಎಂದು ನನಗೆ ಗೊತ್ತಿತ್ತು.

"ಬಂದ್ಯೇನ್ಲಾ?"

ಅಮ್ಮ ಹಿಂದಿನಿಂದ ನನ್ನ ಬೆನ್ನಿನ ಮೇಲೆ ಕೈಯಿಟ್ಟಳು.

"ಬಂದೆ ಕಣಣ್ಣಾ" ಎಂದೆ.

ಬಿಲ್ಲೆ ನನ್ನ ಅಂಗೈಗೆ ಬಂತು. ಅವನ ಕೈಯ ಬಿಸಿ ಇನ್ನೂ ಅದರಲ್ಲಿತ್ತು. ದೊಡ್ಡಪ್ಪ ಖಾಲಿ ಹಲಗೆಯನ್ನು ಒಮ್ಮೆ ನೋಡಿ, ಮೇಜಿನ ಮೇಲಿದ್ದ ಬೀಗ ಎತ್ತಿಕೊಂಡ.